ನಮ್ಮ ಭಾವನ ಒಂದೇ ಒಂದು ಟ್ರೈ

ನಮ್ಮ ಭಾವ ಇಂಗ್ಲೆಂಡಿನಲ್ಲಿ ಹದಿನೈದು ವರ್ಷ ರಗ್ಬಿ ಆಡಿದವರು ಎಂದರೆ ಯಾರೂ ನಂಬುವುದಿಲ್ಲ. ಅವರು ಆಡುವುದನ್ನು ಕಣ್ಣಾರೆ ನೋಡಿದವರಂತೂ ಸುತರಾಂ ನಂಬುವುದಿಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಧಾರವಾಡ. ಈಗಿರುವುದು ಸ್ಯಾನ್ ಡಿಯೇಗೊದ ರ್‍ಯಾಂಚೊ ಪೆನಾಸ್ಕಿಟೋಸ್‌ನಲ್ಲಿ, ಕೆಲಸ ಸೊರೆಂಟೊ ವ್ಯಾಲಿಯ ಒಂದು ಚಿಪ್ ಕಂಪನಿಯಲ್ಲಿ. ಬೇರೆಯವರು ಮಾಡಿದ ಚಿಪ್ಪಿನಲ್ಲಿ ತಪ್ಪು ಹುಡುಕುವುದು ಅವರ ಉದ್ಯೋಗ. ಸೋಮವಾರದಿಂದ ಶುಕ್ರವಾರದವರೆಗೆ ಕಣ್ಣಿಗೆ ಕಾಣದ ತಂತಿಗಳ ಮುಂದೆ ಉಸಿರು ಬಿಗಿಹಿಡಿದು ಕೂರುವ ಈ ಸಜ್ಜನರು, ಶನಿವಾರ ಬಂತೆಂದರೆ ಚಡ್ಡಿ ಹಾಕಿಕೊಂಡು, ಕಿವಿಗೆ ಟೇಪು ಸುತ್ತಿಕೊಂಡು, ತಮಗಿಂತ ಇಪ್ಪತ್ತು ವರ್ಷ ಚಿಕ್ಕವರನ್ನು ಹೆಗಲಿನಿಂದ ಗುದ್ದಲು ಹೊರಡುತ್ತಾರೆ. ನಾನು ಲಾಸ್ ಏಂಜಲೀಸಿನಲ್ಲಿ ಹಲ್ಲಿನ ಡಾಕ್ಟರು. ಆಟದಲ್ಲಿ ಹಲ್ಲು ಉದುರದಂತೆ ಬಾಯಿಗೆ ಹಾಕಿಕೊಳ್ಳುವ ಗಾರ್ಡನ್ನು ಭಾವನಿಗೆ ಮಾಡಿಕೊಡುವವಳು ನಾನೇ. ಇದುವರೆಗೆ ಮೂರನ್ನು ಕಚ್ಚಿ ಹಾಳು ಮಾಡಿದ್ದಾರೆ. ಅದರಲ್ಲಿ ಒಂದನ್ನು ಕಚ್ಚಿದ್ದು ಮೈದಾನದಲ್ಲಲ್ಲ, ಆಫೀಸಿನ ಮೀಟಿಂಗಿನಲ್ಲಿ!

ರಗ್ಬಿ ಗೊತ್ತಿಲ್ಲದವರಿಗೆ ಎರಡು ಮಾತು. ಮೊಟ್ಟೆಯಾಕಾರದ ಚೆಂಡು. ಆ ಕಡೆ ಹದಿನೈದು ಜನ, ಈ ಕಡೆ ಹದಿನೈದು ಜನ. ಚೆಂಡನ್ನು ಹಿಡಿದುಕೊಂಡು ಎದುರಾಳಿಗಳ ಕೊನೆಯ ಗೆರೆ ದಾಟಿ, ಅದನ್ನು ನೆಲಕ್ಕೆ ಒತ್ತಬೇಕು. ಎಸೆದರೆ ಆಗಲಿಲ್ಲ, ಒತ್ತಲೇಬೇಕು. ಹಾಗೆ ಒತ್ತಿದರೆ ಅದಕ್ಕೆ ಟ್ರೈ ಎನ್ನುತ್ತಾರೆ, ಐದು ಪಾಯಿಂಟು ಕೊಡುತ್ತಾರೆ. ಆಟ ನಡುವೆ ನಿಂತು ಮತ್ತೆ ಶುರುವಾಗುವಾಗ ಕೆಲವೊಮ್ಮೆ ಎಂಟೆಂಟು ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು, ಬಗ್ಗಿ, ಎದುರಿನ ಎಂಟು ಜನರನ್ನು ತಳ್ಳುತ್ತಾರೆ. ಅದಕ್ಕೆ ಸ್ಕ್ರಮ್ ಎಂದು ಹೆಸರು. ಆ ಎಂಟರಲ್ಲಿ ಮುಂದಿನ ಸಾಲಿನ ಮೂಲೆಯಲ್ಲಿ ನಿಂತು, ಹಿಂದಿನವರ ತೂಕವನ್ನೂ ಎದುರಿನವರ ತೂಕವನ್ನೂ ಕುತ್ತಿಗೆಯ ಮೇಲೆ ಹೊರುವ ಪುಣ್ಯಾತ್ಮ ನಮ್ಮ ಭಾವ. ಅವರು ತಳ್ಳಿ ತಳ್ಳಿ ದಾರಿ ಮಾಡಿಕೊಡುತ್ತಾರೆ, ಹಿಂದೆ ನಿಂತ ತೆಳ್ಳಗಿನ ಹುಡುಗರು ಚೆಂಡು ಎತ್ತಿಕೊಂಡು ಓಡಿ ಟ್ರೈ ಗಳಿಸಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊದಲ್ಲಿ ಭಾವ ಇರುವುದೇ ಇಲ್ಲ. ಇದ್ದರೂ ಮೂಲೆಯಲ್ಲಿ ಒಂದು ಕಾಲು ಮಾತ್ರ ಕಾಣುತ್ತದೆ.

ಹತ್ತೊಂಬತ್ತು ವರ್ಷದ ಆಟದಲ್ಲಿ ಅವರು ಗಳಿಸಿದ ಟ್ರೈ ಎಷ್ಟು? ಸೊನ್ನೆ. ಒಂದು ಟ್ರೈ, ಒಂದೇ ಒಂದು ಟ್ರೈ ಗಳಿಸದೆ ಆಟ ಬಿಡುವುದಿಲ್ಲ ಎಂಬುದು ಅವರ ಹಟ. ಆ ಹಟದ ಕಥೆಯನ್ನೇ ನಾನು ಹೇಳುತ್ತಿರುವುದು.

ಇದೆಲ್ಲ ಶುರುವಾದದ್ದು ಒಂದು ಡಬ್ಬಿ ಪೇಢಾದಿಂದ. ಭಾವ ಎಂ.ಎಸ್ಸಿ. ಓದಲು ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಊರಿಗೆ ಹೋದ ಹೊಸತು. ಹಾಲು ತರಲು ಅಂಗಡಿಗೆ ಹೋಗಿದ್ದಾರೆ. ಎರಡು ಕಡೆ ಮೂಗು ಮುರಿದ ಒಬ್ಬ ಮನುಷ್ಯ ಇವರ ಮುಖವನ್ನು ಬಿಟ್ಟು ಕುತ್ತಿಗೆಯನ್ನೇ ನೋಡುತ್ತ ನಿಂತನಂತೆ. ಆಮೇಲೆ ಹತ್ತಿರ ಬಂದು, ಶನಿವಾರ ಮಧ್ಯಾಹ್ನ ಬಿಡುವಾಗಿದ್ದೀಯಾ ಎಂದು ಕೇಳಿ ಒಂದು ವಿಳಾಸ ಬರೆದುಕೊಟ್ಟನಂತೆ. ಮೂರು ವಾರದಿಂದ ಆ ಊರಿನಲ್ಲಿ ಯಾರೂ ಇವರನ್ನು ಏನೂ ಕೇಳಿರಲಿಲ್ಲ. ಧಾರವಾಡದವರ ಲೆಕ್ಕದಲ್ಲಿ, ಶನಿವಾರ ಮಧ್ಯಾಹ್ನ ಬಾ ಎಂದರೆ ಊಟಕ್ಕೆ ಬಾ ಎಂದೇ ಅರ್ಥ. ಊಟಕ್ಕೆ ಕರೆದವರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಊರಿನಿಂದ ತಂದಿದ್ದರಲ್ಲಿ ಉಳಿದಿದ್ದ ಕೊನೆಯ ಡಬ್ಬಿ ಪೇಢಾ ಹಿಡಿದುಕೊಂಡು, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬೈತಲೆ ತೆಗೆದು ಹೋದರು. ಅಲ್ಲಿ ಮನೆಯೂ ಇಲ್ಲ, ಎಲೆಯೂ ಇಲ್ಲ. ಮೊಣಕಾಲುದ್ದ ಕೆಸರಿನ ಮೈದಾನ, ಅದರ ನಡುವೆ ಹದಿನಾಲ್ಕು ಜನ ದಾಂಡಿಗರು. ಇವರ ಕೈಯಿಂದ ಡಬ್ಬಿ ಇಸಿದುಕೊಂಡು, ಚಡ್ಡಿ ಕೊಟ್ಟರು!

ಭಾವ ಚಡ್ಡಿ ಹಾಕಿಕೊಂಡರು. ಯಾಕೆ ಹಾಕಿಕೊಂಡಿರಿ, ಓಡಿ ಬರಬಾರದಿತ್ತೇ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಅಷ್ಟು ದೂರ ಹೋಗಿದ್ದೆ, ಊಟ ಕೊಡಬಹುದು ಅಂತ ಕಾದೆ ಎನ್ನುತ್ತಾರೆ. ಕೊಟ್ಟರಂತೆ ಕೂಡ. ಆಟ ಮುಗಿದ ಮೇಲೆ, ಗೆದ್ದವರು ಸೋತವರು ಎನ್ನದೆ, ಅಷ್ಟೊತ್ತು ಗುದ್ದಾಡಿದ ಎರಡೂ ತಂಡಗಳನ್ನು ಒಂದೇ ಮೇಜಿಗೆ ಕೂರಿಸಿ ಉಣ್ಣಿಸಿ ಕಳಿಸುವುದು ಆ ಆಟದ ಪದ್ಧತಿಯಂತೆ. ಸಸ್ಯಾಹಾರಿ ಭಾವನಿಗೆ ಸಿಕ್ಕಿದ್ದು ಬೇಯಿಸಿದ ಆಲೂಗಡ್ಡೆ ಮತ್ತು ತಾವೇ ತಂದ ಪೇಢಾ. ಆದರೂ ಮುಂದಿನ ಶನಿವಾರ ಮತ್ತೆ ಹೋದರು. ಕಲಿಸಿಕೊಟ್ಟರು, ಕಲಿತರು. ಆ ಕ್ಲಬ್ಬಿನಲ್ಲಿ ನಾಲ್ಕು ತಂಡಗಳಿದ್ದವು. ಭಾವ ನಾಲ್ಕನೆಯದರಲ್ಲಿ ಆಡಿದರು. ಐದನೆಯದೊಂದು ಇದ್ದಿದ್ದರೆ ಖಂಡಿತ ಅದರಲ್ಲಿರುತ್ತಿದ್ದರು.

ಮದುವೆಯಾಗಿ ಅಕ್ಕನೂ ಆ ಊರಿಗೆ ಹೋದಳು. ಬೆಂಗಳೂರಿನ ಜಯನಗರದಲ್ಲಿ ಶಟಲ್ ಕಾಕ್ ಬಿಟ್ಟು ಬೇರೆ ಆಟ ನೋಡದವಳು. ಗಂಡ ಶನಿವಾರಕ್ಕೊಂದು ಹೊಸ ಗಾಯ ಮಾಡಿಕೊಂಡು ಮನೆಗೆ ಬರುವುದನ್ನು ಕಂಡು ಮೊದಲ ತಿಂಗಳು ಅತ್ತಳು, ಎರಡನೇ ತಿಂಗಳು ಬೈದಳು, ಮೂರನೇ ತಿಂಗಳು ಅರಿಶಿನದ ಡಬ್ಬಿ ಮತ್ತು ಬ್ಯಾಂಡೇಜು ಚೀಲದಲ್ಲಿ ಹಾಕಿಕೊಂಡು ಮೈದಾನಕ್ಕೇ ಹೊರಟಳು. ಅವತ್ತೇ ಭಾವನಿಗೆ ಮೊದಲ ಸಲ ಟ್ರೈ ಗಳಿಸುವ ಅವಕಾಶ ಬಂತು. ಚೆಂಡು ಕೈಗೆ ಸಿಕ್ಕಿತು, ಎದುರಿಗೆ ಯಾರೂ ಇಲ್ಲ. ಓಡಿದರು. ಗೆರೆ ಕಂಡಿತು. ಬಿದ್ದು ಚೆಂಡನ್ನು ಒತ್ತಿ, ಅದರ ಮೇಲೆ ಮಲಗಿ, ಅಕ್ಕನ ಕಡೆ ತಿರುಗಿ ನಕ್ಕರು. ಆದರೆ ಆ ಕೆಸರಿನಲ್ಲಿ ಅರ್ಧ ಗೆರೆಗಳು ಅಳಿಸಿಹೋಗಿದ್ದವು. ಭಾವ ಮಲಗಿದ್ದು ಕೊನೆಯ ಗೆರೆಗಲ್ಲ, ಅದಕ್ಕೂ ಐದು ಮೀಟರ್ ಹಿಂದಿನ ಗೆರೆಗೆ. ಎದುರು ತಂಡದವನೊಬ್ಬ ಬಂದು, ಮಲಗಿದವರ ಕೈಯಿಂದ ಬಹಳ ಮರ್ಯಾದೆಯಿಂದ ಚೆಂಡು ತೆಗೆದುಕೊಂಡು ಹೊರಟುಹೋದ. ಅಕ್ಕ ಏನೂ ಗೊತ್ತಾಗದೆ ಜೋರಾಗಿ ಚಪ್ಪಾಳೆ ತಟ್ಟಿದಳಂತೆ.

ಓದು ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದ್ದ ಕಂಪನಿ 2020ರ ಶುರುವಿನಲ್ಲಿ ಇವರನ್ನು ಸ್ಯಾನ್ ಡಿಯೇಗೊಗೆ ಕಳಿಸಿತು. ಅಬ್ಬ, ಇನ್ನು ಬಿಡುತ್ತಾರೆ ಎಂದು ನಾನೂ ಅಕ್ಕನೂ ನಿಟ್ಟುಸಿರು ಬಿಟ್ಟೆವು. ಭಾವ ಸೂಟ್‌ಕೇಸು ಬಿಚ್ಚುವ ಮೊದಲೇ ಅಲ್ಲಿಯ ಒಂದು ಕ್ಲಬ್ಬನ್ನು ಹುಡುಕಿದ್ದರು! ಎರಡೇ ವಾರ. ಆಮೇಲೆ ಕೋವಿಡ್ ಬಂತು. ಕೈ ಕುಲುಕುವುದೇ ಅಪರಾಧವಾದ ಕಾಲದಲ್ಲಿ ಎಂಟು ಜನ ತಬ್ಬಿಕೊಳ್ಳುವ ಆಟಕ್ಕೆ ಯಾರು ಪರ್ಮಿಷನ್ ಕೊಡುತ್ತಾರೆ?

ನಮ್ಮ ಭಾವ ಸುಮ್ಮನೆ ಕೂರುವವರಲ್ಲ. ತಳ್ಳಲು ಜನ ಇಲ್ಲದಿದ್ದರೇನು, ಮಿನಿವ್ಯಾನ್ ಇದೆಯಲ್ಲ! ದಿನಾ ಬೆಳಿಗ್ಗೆ ಏಳಕ್ಕೆ ವ್ಯಾನನ್ನು ನ್ಯೂಟ್ರಲ್ಲಿನಲ್ಲಿಟ್ಟು, ಹಿಂಬದಿಗೆ ಹೆಗಲು ಕೊಟ್ಟು, ಮನೆಯ ಮುಂದಿನ ಏರು ರಸ್ತೆಯಲ್ಲಿ ಮೇಲಕ್ಕೆ ತಳ್ಳುತ್ತಿದ್ದರು. ಒಳಗೆ ಅಕ್ಕ ಸ್ಟೀರಿಂಗ್ ಹಿಡಿದು, ಒಂದು ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದಳು. ಅಕ್ಕಪಕ್ಕದವರು ಪಾಪ, ಒಳ್ಳೆಯವರು. ಆರಡಿ ದೂರದಲ್ಲಿ ಮಾಸ್ಕ್ ಹಾಕಿ ನಿಂತು, ಬ್ಯಾಟರಿ ಡೌನ್ ಆಗಿದೆಯಾ, ಕೇಬಲ್ ತರಲಾ ಎಂದು ದಿನಕ್ಕೊಬ್ಬರು ಕೇಳುವವರು. ಅಕ್ಕ ಕಿಟಕಿ ಇಳಿಸಿ, ವ್ಯಾನ್ ಚೆನ್ನಾಗಿದೆ, ಕೆಟ್ಟಿರುವುದು ತಳ್ಳುತ್ತಿರುವವರ ತಲೆ ಎಂದು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದಳು. ಕೊನೆಗೆ ಬಡಾವಣೆಯ ಸಂಘದಿಂದ ಕಾಗದ ಬಂತು. ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಬೇಗ ರಿಪೇರಿ ಮಾಡಿಸಿ ಎಂದು. ಭಾವ ಸುಮ್ಮನಾದರೇ? ಮೆಕ್ಯಾನಿಕ್ಕಿನ ಹತ್ತಿರ ಹೋಗಿ, ಈ ವಾಹನವು ಅತ್ಯುತ್ತಮ ಸ್ಥಿತಿಯಲ್ಲಿದೆ ಎಂದು ಬರೆಸಿ, ಸಹಿ ಹಾಕಿಸಿ ಸಂಘಕ್ಕೆ ಕಳಿಸಿದರು. ಅದಕ್ಕೆ ಅವರು ಏನು ಉತ್ತರ ಬರೆಯಬೇಕು, ನೀವೇ ಹೇಳಿ!

ಕೋವಿಡ್ ಇಳಿದು ಆಟ ಶುರುವಾಯಿತು. ನಲವತ್ತು ದಾಟಿದ ಮನುಷ್ಯನನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂದು ಅಕ್ಕ ಧೈರ್ಯವಾಗಿದ್ದಳು. ಆದರೆ ಆ ಆಟದಲ್ಲೊಂದು ನಿಯಮವಿದೆ. ಸ್ಕ್ರಮ್ಮಿನ ಮುಂದಿನ ಸಾಲಿನಲ್ಲಿ ಕಂಡಕಂಡವರನ್ನು ನಿಲ್ಲಿಸುವಂತಿಲ್ಲ, ಕುತ್ತಿಗೆ ಮುರಿದೀತು. ತರಬೇತಾದವರು ಇಲ್ಲದಿದ್ದರೆ ಎರಡೂ ಕಡೆಯವರು ತಳ್ಳುವ ಹಾಗಿಲ್ಲ, ಬರೀ ಒರಗಿಕೊಂಡು ನಿಲ್ಲಬೇಕು. ಆ ಕ್ಲಬ್ಬಿನ ಕೊನೆಯ ತಂಡದಲ್ಲಿ ಓಡುವವರು ಬೇಕಾದಷ್ಟಿದ್ದರು, ತಳ್ಳಲು ಬಲ್ಲವರು ಇರಲಿಲ್ಲ. ಹೀಗಾಗಿ ನಮ್ಮ ಭಾವನಿಗೆ ಅಲ್ಲಿ ಅಳಿಯನ ಮರ್ಯಾದೆ! ಕೋಚ್ ಶುಕ್ರವಾರ ಶುಕ್ರವಾರ ಅಕ್ಕನಿಗೇ ಫೋನ್ ಮಾಡಿ, ಅವರ ಆರೋಗ್ಯ ಹೇಗಿದೆ, ರಾತ್ರಿ ನಿದ್ದೆ ಬಂತೇ ಎಂದು ವಿಚಾರಿಸುತ್ತಿದ್ದ. ನನ್ನ ಆರೋಗ್ಯವನ್ನು ಇವನು ಒಂದು ಸಲವೂ ಕೇಳಲಿಲ್ಲ ನೋಡು ಎಂದು ಅಕ್ಕ ನನ್ನ ಹತ್ತಿರ ದೂರುತ್ತಿದ್ದಳು.

ಮೊದಲ ಪಂದ್ಯಕ್ಕೆ ಲಾಸ್ ಏಂಜಲೀಸಿನ ತಂಡ ಬಂದಿತ್ತು. ನಾನೂ ಹೋಗಿದ್ದೆ. ಆಟವಾದ ಮೇಲೆ ಆತಿಥೇಯರಾದ ಭಾವನ ಕ್ಲಬ್ಬಿನವರು ಏನು ಕೊಟ್ಟರು? ಆರಿದ ಪಿಜ್ಜಾ! ಭಾವನಿಗೆ ಸೋಲಿಗಿಂತ ಅದೇ ದೊಡ್ಡ ಅವಮಾನವಾಯಿತು. ಫ್ರೀವೇಯಲ್ಲಿ ಮೂರು ತಾಸು ಕೂತು ಬಂದವರಿಗೆ ಆರಿದ ಪಿಜ್ಜಾ ಕೊಟ್ಟು ಕಳಿಸುವುದೆಂದರೇನು ಎಂದು ದಾರಿಯುದ್ದಕ್ಕೂ ಗೊಣಗಿದರು. ಮುಂದಿನ ಪಂದ್ಯಕ್ಕೆ ಮನೆಯಲ್ಲಿದ್ದ ದೊಡ್ಡ ಪಾತ್ರೆ ಮೈದಾನಕ್ಕೆ ಬಂತು. ಒಂದು ಮೂಟೆ ಚುರುಮುರಿ, ಈರುಳ್ಳಿ, ಪುಟಾಣಿ ಹಿಟ್ಟು, ಹುಣಸೆ ಗೊಜ್ಜು. ಕಿವಿಯ ಟೇಪನ್ನೂ ಬಿಚ್ಚದೆ ಭಾವ ಕೈ ತೊಳೆದುಕೊಂಡು ಗಿರ್ಮಿಟ್ ಕಲಸಲು ನಿಂತರು. ಅಕ್ಕ ಪಕ್ಕದಲ್ಲಿ ಮಿರ್ಚಿ ಕರಿದಳು, ನಾನು ತಟ್ಟೆ ಹಿಡಿದು ಬಡಿಸಿದೆ. ಮೂರನೇ ಪಂದ್ಯದ ಹೊತ್ತಿಗೆ ಎದುರು ತಂಡದ ನಾಯಕ ಟಾಸಿಗೆ ಬಂದಾಗಲೇ, ಇವತ್ತು ಆ ಖಾರದ್ದು ಇದೆಯಾ ಎಂದು ಕೇಳಿಕೊಂಡು ಹೋಗುತ್ತಿದ್ದ. ಆ ಲಾಸ್ ಏಂಜಲೀಸ್ ತಂಡದ ಮೂವರು ಈಗ ನನ್ನ ಪೇಷಂಟುಗಳು. ಅವರ ಹಲ್ಲು ಸಡಿಲವಾಗಿದ್ದು ಗಿರ್ಮಿಟ್‌ನಿಂದಲ್ಲ, ಭಾವನ ಹೆಗಲಿನಿಂದ.

ಭಾವನಿಗೆ ಈ ಆಟವನ್ನು ನಮ್ಮ ಕನ್ನಡದವರಿಗೂ ಕಲಿಸುವ ಹುಚ್ಚು. ಕಾರ್ಮೆಲ್ ವ್ಯಾಲಿಯಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿರುವಾಗ ಯಾರೋ ಒಬ್ಬರು ಮಾತಿಗೆ, ಅದೇನು ಸ್ಕ್ರಮ್ ಎಂದರೆ ಎಂದು ಕೇಳಿಬಿಟ್ಟರು. ಕೇಳಬಾರದಿತ್ತು. ಎರಡು ನಿಮಿಷದಲ್ಲಿ ಭಾವ ರೇಷ್ಮೆ ಪಂಚೆಯ ಆರು ಅಂಕಲ್‌ಗಳನ್ನು ಹಾಲಿನ ಕಾರ್ಪೆಟ್ಟಿನ ಮೇಲೆ ಮೂವರ ಎದುರು ಮೂವರಂತೆ ನಿಲ್ಲಿಸಿ, ಬಗ್ಗಿಸಿ, ಹೆಗಲು ಹಿಡಿಸಿದ್ದರು. ತಳ್ಳಿರಿ ಎಂದರು. ಐಟಿ ಕಂಪನಿಗಳಲ್ಲಿ ಕೂತು ಕೂತು ಸೊಂಟ ಹಿಡಿದವರಿಗೆ ಎಲ್ಲಿತ್ತೋ ಆ ಬಲ! ಮೂವರು ಮೂವರನ್ನು ತಳ್ಳಿಕೊಂಡು ಹೋಗಿ ಗೋಡೆಗೆ ಗುದ್ದಿಸಿದರು. ಇಲ್ಲಿನ ಗೋಡೆ ನಿಮಗೆ ಗೊತ್ತಲ್ಲ, ಒಳಗೆ ಟೊಳ್ಳು. ಹೊಸ ಮನೆಯ ಹೊಸ ಗೋಡೆಯಲ್ಲಿ ಒಬ್ಬ ಅಂಕಲ್‌ರ ತಲೆಯಷ್ಟು ದುಂಡಗಿನ ತೂತು ಬಿತ್ತು. ಇವತ್ತಿಗೂ ಆ ಮನೆಗೆ ಹೋದರೆ ಹಾಲಿನಲ್ಲಿ ಗಣಪತಿಯ ಪಟವೊಂದು ಸೊಂಟದ ಎತ್ತರದಲ್ಲಿ ನೇತಾಡುವುದು ಕಾಣುತ್ತದೆ. ಯಾಕೆ ಅಷ್ಟು ಕೆಳಗೆ ಎಂದು ಹೊಸಬರು ಕೇಳಿದರೆ, ಮನೆಯಾಕೆ ನಮ್ಮ ಅಕ್ಕನ ಮುಖ ನೋಡುತ್ತಾರೆ.

ಇಷ್ಟರಲ್ಲಿ ಟ್ರೈ ಏನಾಯಿತು ಎಂದಿರಾ? ಬಂತು, ಎರಡನೇ ಅವಕಾಶವೂ ಬಂತು. ಲಾಸ್ ಏಂಜಲೀಸಿನ ಮೈದಾನದಲ್ಲಿ, ನನ್ನ ಕಣ್ಣೆದುರಿಗೆ. ಗುಂಪಿನ ನಡುವಿನಿಂದ ಭಾವ ಚೆಂಡು ಅಪ್ಪಿಕೊಂಡು ಹೊರಬಂದರು. ಬೆನ್ನ ಮೇಲೆ ಇಬ್ಬರು ನೇತಾಡುತ್ತಿದ್ದರು. ಮೊಣಕಾಲ ಮೇಲೆ ಬಿದ್ದರೂ ಬಿಡದೆ ಕೈ ಚಾಚಿ, ಗೆರೆಯ ಮೇಲೆ ನಿಂತಿರುವ ಗೋಲು ಕಂಬದ ಬುಡಕ್ಕೆ, ಅಲ್ಲಿ ಸುತ್ತಿರುವ ಮೆತ್ತೆಗೆ ಚೆಂಡನ್ನು ಗಟ್ಟಿಯಾಗಿ ಒತ್ತಿ ಹಿಡಿದರು. ಹಿಡಿದವರು ಬಿಡಲೇ ಇಲ್ಲ. ಅಕ್ಕ ನನ್ನನ್ನು ತಬ್ಬಿಕೊಂಡಳು, ನಾನು ಪಕ್ಕದಲ್ಲಿದ್ದ ಅಪರಿಚಿತರನ್ನು ತಬ್ಬಿಕೊಂಡೆ. ರೆಫರಿ ಮಾತ್ರ ಇಲ್ಲ ಇಲ್ಲ ಎಂದು ತಲೆಯಾಡಿಸುತ್ತಿದ್ದ.

ಆದದ್ದಿಷ್ಟು. ಇಂಗ್ಲೆಂಡಿನಲ್ಲಿ ಭಾವ ಆಟ ಕಲಿತಾಗ, ಗೆರೆ ಮುಟ್ಟಲಾಗದಿದ್ದರೆ ಕಂಬದ ಮೆತ್ತೆಗೆ ಒತ್ತಿದರೂ ಟ್ರೈ ಎಂಬ ನಿಯಮವಿತ್ತು. ಓಟ ಬಾರದ ದಪ್ಪನೆಯವರಿಗೆ ಅದೊಂದು ಆಸರೆ. ಭಾವ ಹದಿನೈದು ವರ್ಷ ಆ ಮೆತ್ತೆಯ ಮೇಲೇ ಕಣ್ಣಿಟ್ಟು ಕನಸು ಕಂಡವರು. 2020ರಲ್ಲಿ, ಇವರು ಇಲ್ಲಿ ವ್ಯಾನ್ ತಳ್ಳುತ್ತಿದ್ದ ಹೊತ್ತಿಗೆ, ನಿಯಮ ಮಾಡುವವರು ಅದನ್ನು ತೆಗೆದುಹಾಕಿದ್ದರು. ಮುನ್ನೂರು ಪುಟದ ಚಿಪ್ಪಿನ ಮ್ಯಾನುಯಲ್ಲಿನಲ್ಲಿ ಒಂದು ಚುಕ್ಕೆ ತಪ್ಪಿದರೂ ಹಿಡಿಯುವ ಮನುಷ್ಯ, ತಮ್ಮ ಆಟದ ನಿಯಮ ಬದಲಾದದ್ದನ್ನು ಓದಿರಲಿಲ್ಲ! ಭಾನುವಾರ ಇಡೀ ದಿನ ಕೂತು ನಿಯಮಗಳ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓದಿ, ಅದರಲ್ಲಿ ಸ್ಪಷ್ಟವಿಲ್ಲದ ಹನ್ನೊಂದು ಕಡೆ ಹುಡುಕಿ ರೆಫರಿಗೆ ಈಮೇಲ್ ಮಾಡಿದರು. ಆ ರೆಫರಿ ಆ ವರ್ಷ ನಮ್ಮ ಕಡೆಯ ಪಂದ್ಯಗಳಿಗೆ ಮತ್ತೆ ಬರಲಿಲ್ಲ.

ನಗು ಅಲ್ಲಿಗೆ ಸ್ವಲ್ಪ ನಿಂತಿತು. ಮುಂದಿನ ಸೀಸನ್ನಿನ ಮೊದಲ ತಿಂಗಳಲ್ಲೇ ಭಾವನ ಬಲ ಮೊಣಕಾಲು ತಿರುಚಿಕೊಂಡಿತು. ಸರ್ಜರಿ ಬೇಕಾಗಿಲ್ಲ, ಆದರೆ ಇನ್ನೊಂದು ಸಲ ಹೀಗಾದರೆ ಮೆಟ್ಟಿಲು ಹತ್ತುವುದೂ ಕಷ್ಟ ಎಂದು ಡಾಕ್ಟರು ಹೇಳಿದರು. ಆರು ವಾರ ಭಾವ ಕುಂಟಿದರು. ಬಚ್ಚಲಿಗೆ ಹೋಗಲೂ ಅಕ್ಕನ ಹೆಗಲು ಹಿಡಿಯಬೇಕಿತ್ತು. ಅಕ್ಕ ಒಂದು ಮಾತೂ ಬೈಯಲಿಲ್ಲ, ಅದನ್ನು ನೋಡಿಯೇ ನನಗೆ ಹೆದರಿಕೆಯಾಯಿತು. ಏಳನೇ ವಾರ ಭಾವ ಗ್ಯಾರೇಜಿನಲ್ಲಿ ಕಿವಿಯ ಟೇಪು ಹುಡುಕುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಳು.

"ಈ ಸೀಸನ್ ಆಡಿ ಮುಗಿಸಿ, ನಾನು ತಡೆಯಲ್ಲ. ಟ್ರೈ ಆಗ್ಲಿ ಬಿಡ್ಲಿ, ಅಲ್ಲಿಗೆ ಮುಗೀತು. ಆಮೇಲೂ ಹೋಗ್ತೀನಿ ಅಂದ್ರೆ ನಾನು ಈ ಮನೇಲಿ ಇರಲ್ಲ."

ಅಕ್ಕ ಸುಮ್ಮನೆ ಹೆದರಿಸುವವಳಲ್ಲ. ಭಾವನಿಗೂ ಅದು ಗೊತ್ತು. ಕೈಗೆ ಸಿಕ್ಕ ಟೇಪನ್ನು ಜೇಬಿಗೆ ಹಾಕಿಕೊಂಡು, "ಆತು," ಎಂದರು. ಹತ್ತೊಂಬತ್ತು ವರ್ಷದ ಹಟಕ್ಕೆ ಉಳಿದಿದ್ದದ್ದು ಐದು ಶನಿವಾರ.

ಐದರಲ್ಲಿ ನಾಲ್ಕು ಹೋದವು, ಏನೂ ಆಗಲಿಲ್ಲ. ತಂಡದವರಿಗೆಲ್ಲ ವಿಷಯ ಗೊತ್ತಾಗಿತ್ತು. ಭಾವನನ್ನು ಅವರೆಲ್ಲ ಅಂಕಲ್ ಎಂದೇ ಕರೆಯುತ್ತಿದ್ದರು, ಗಡ್ಡ ಬಿಟ್ಟ ಮೂವತ್ತೈದರ ಗಂಡಸರು ಕೂಡ. ಅಂಕಲ್‌ಗೆ ಒಂದು ಟ್ರೈ ಕೊಡಿಸಲೇಬೇಕು ಎಂದು ಅವರು ತಮ್ಮ ತಮ್ಮಲ್ಲೇ ಗುಟ್ಟಾಗಿ ತೀರ್ಮಾನಿಸಿದ್ದರಂತೆ. ಹಾಗಾಗಿ ಕಂಡಲ್ಲೆಲ್ಲ ಇವರ ಕಡೆಗೇ ಚೆಂಡು ಎಸೆದು ಎಸೆದು ಆ ನಾಲ್ಕೂ ಪಂದ್ಯ ಸೋತರು. ಭಾವನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಈ ಹುಡುಗರಿಗೆ ಇತ್ತೀಚೆಗೆ ಗುರಿಯೇ ಇಲ್ಲವಾಗಿದೆ ಎಂದು ನನ್ನ ಹತ್ತಿರ ಬೇಸರ ಮಾಡಿಕೊಂಡರು.

ಕೊನೆಯ ಶನಿವಾರ ಸ್ಯಾನ್ ಡಿಯೇಗೊದಲ್ಲೇ ಆಟ. ಎದುರಿಗೆ ನಮ್ಮ ಲಾಸ್ ಏಂಜಲೀಸಿನವರು. ಮುಗಿಯಲು ಎರಡು ನಿಮಿಷವಿದ್ದಾಗ ಭಾವನ ತಂಡ ನಲವತ್ತು ಪಾಯಿಂಟು ಹಿಂದಿತ್ತು. ಗೆಲ್ಲುವ ಸೋಲುವ ಪ್ರಶ್ನೆಯೇ ಇರಲಿಲ್ಲ. ಗೆರೆಗೆ ನಾಲ್ಕು ಹೆಜ್ಜೆ ಇರುವಲ್ಲಿ ಚೆಂಡು ನೆಲದ ಮೇಲೆ ಬಿದ್ದಿತ್ತು, ಭಾವ ಬಗ್ಗಿ ಎತ್ತಿಕೊಂಡರು. ತಲೆ ತಗ್ಗಿಸಿ ನುಗ್ಗಿದರು. ಎದುರಿನಿಂದ ಇಬ್ಬರು ಮೇಲೆ ಬಿದ್ದರು, ಹಿಂದಿನಿಂದ ಇವರ ತಂಡದ ಆರು ಜನ ಬಂದು ತಳ್ಳಿದರು. ಇಡೀ ಗುಂಪು ಗೆರೆಯ ಆಚೆ ಕುಸಿಯಿತು. ಭಾವ ಎಲ್ಲೋ ತಳದಲ್ಲಿದ್ದರು. ರೆಫರಿ ನೆಲಕ್ಕೆ ಮುಖವಿಟ್ಟು ಬಗ್ಗಿ ನೋಡಿದ, ಎದ್ದ, ಸೀಟಿ ಊದಿ ಕೈ ಮೇಲೆತ್ತಿದ.

ಟ್ರೈ!

ಆಮೇಲಿನ ಗದ್ದಲವನ್ನು ನಾನು ಹೇಗೆ ಹೇಳಲಿ? ಕೋಚ್ ಅಳುತ್ತಿದ್ದ. ಎದುರು ತಂಡದವರೇ ಚಪ್ಪಾಳೆ ತಟ್ಟುತ್ತಿದ್ದರು. ಅಕ್ಕ ಮಿರ್ಚಿ ಕರಿಯುವ ಜಾಲರಿ ಸೌಟನ್ನು ಹಿಡಿದುಕೊಂಡೇ ಮೈದಾನದೊಳಗೆ ಓಡಿದಳು, ಹಿಂದೆ ನಾನು ಸ್ಟೌವ್ ಆರಿಸಿ ಓಡಿದೆ. ಒಬ್ಬೊಬ್ಬರಾಗಿ ಎದ್ದರು. ಕೊನೆಗೆ ಭಾವ ಎದ್ದರು, ಮೈತುಂಬ ಹುಲ್ಲು. ತಬ್ಬಲು ಬಂದವರನ್ನೆಲ್ಲ ಪಕ್ಕಕ್ಕೆ ಸರಿಸಿ, ಕುಂಟುತ್ತ ನೇರ ರೆಫರಿಯ ಹತ್ತಿರ ಹೋದರು. ಚೆಂಡಿನ ಕೆಳಗೆ ಒಂದು ಕೈ ಇತ್ತು ಸರ್, ನೆಲ ಮುಟ್ಟಲಿಲ್ಲ ಎಂದರು.

ರೆಫರಿ ನಿಜವಾ ಎಂದ. ಭಾವ ಹೌದು ಎಂದರು. ಖಂಡಿತವಾ ಎಂದು ಇನ್ನೊಂದು ಸಲ ಕೇಳಿದ. ಮೂರನೇ ಸಲ, ಸರಿಯಾಗಿ ಯೋಚಿಸಿ ಹೇಳಿ ಎಂದಾಗ, ಆ ಮನುಷ್ಯ ಇವರಿಗೆ ಮಾತು ಹಿಂತೆಗೆದುಕೊಳ್ಳಲು ದಾರಿ ಮಾಡಿಕೊಡುತ್ತಿದ್ದಾನೆ ಎಂದು ಅಲ್ಲಿದ್ದ ನಮಗೆಲ್ಲ ತಿಳಿಯಿತು. ಭಾವನಿಗೆ ತಿಳಿಯಲಿಲ್ಲವೇ? ತಿಳಿದಿತ್ತು. ಮೂರನೇ ಸಲವೂ ಅದನ್ನೇ ಹೇಳಿದರು. ರೆಫರಿ ಟ್ರೈ ರದ್ದು ಮಾಡಿದ. ಎರಡು ನಿಮಿಷದಲ್ಲಿ ಆಟ ಮುಗಿಯಿತು, ಸೀಸನ್ನೂ ಮುಗಿಯಿತು.

ಭಾವ ಕೈ ತೊಳೆದುಕೊಂಡು ಗಿರ್ಮಿಟ್ ಕಲಸಲು ನಿಂತರು. ಸಾಲಿನಲ್ಲಿ ಬಂದ ಲಾಸ್ ಏಂಜಲೀಸ್ ತಂಡದ ಒಬ್ಬ ಎಲೆಕ್ಟ್ರಿಷಿಯನ್, ನನ್ನ ಪೇಷಂಟೇ, ತಟ್ಟೆ ಹಿಡಿದು ನನ್ನ ಹತ್ತಿರ ಬಗ್ಗಿದ. ಚೆಂಡಿನ ಕೆಳಗಿದ್ದದ್ದು ತನ್ನ ಕೈ ಎಂದ. ತಾನಂತೂ ಸತ್ತರೂ ಬಾಯಿ ಬಿಡುತ್ತಿರಲಿಲ್ಲ ಎಂದ. ನನಗೆ ಭಾವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು.

ಮನೆಗೆ ಬಂದ ಮೇಲೂ ಅದು ಇಳಿಯಲಿಲ್ಲ. ಭಾವ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದರು, ಮೊಣಕಾಲು ಊದಿಕೊಂಡಿತ್ತು. ಅಕ್ಕ ಅಡಿಗೆಮನೆಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಐಸು ತುಂಬುತ್ತಿದ್ದಳು. ನಾನು ಕೇಳಿಯೇಬಿಟ್ಟೆ.

"ಎದುರಿನವರೂ ಬೇಡ ಅನ್ನಲಿಲ್ಲ, ರೆಫರಿಯೂ ಬೇಡ ಅನ್ನಲಿಲ್ಲ. ಬಾಯಿ ಮುಚ್ಕೊಂಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಭಾವ?"

ಭಾವ ನಗಲಿಲ್ಲ. ಯಾವಾಗಲೂ ನಗುವವರು ಅವತ್ತು ತಮ್ಮ ಅಂಗೈಗಳನ್ನೇ ನೋಡಿಕೊಂಡರು.

"ಹತ್ತೊಂಬತ್ತು ವರ್ಷ ಅಲ್ಲಿ ಬುಡಕ ನಾ ಏನ್ ಮಾಡೀನಿ ಅನ್ನೋದು ಯಾರಿಗೂ ಕಂಡಿಲ್ಲ ನೋಡವಾ. ಎಷ್ಟು ದಬ್ಬೀನಿ, ಎಷ್ಟು ತಡದೀನಿ, ನನಗೊಬ್ಬನಿಗೇ ಗೊತ್ತು. ಇದೊಂದು ಸುಳ್ಳು ಹೇಳಿದ್ರ, ನಂದು ಹಿಂದಿನದೆಲ್ಲಾ ಸುಳ್ಳ ಆಕ್ಕೈತಿ."

ಇಷ್ಟು ವರ್ಷ ಈ ಮನುಷ್ಯನ ಮೇಲೆ ನಾನು ಎಷ್ಟು ಜೋಕು ಹೇಳಿದ್ದೇನೆ, ಎಷ್ಟು ಜನರನ್ನು ನಗಿಸಿದ್ದೇನೆ! ನಾಚಿಕೆಯಾಯಿತು.

ಅಕ್ಕ ಐಸಿನ ಚೀಲ ಹಿಡಿದು ಹೊರಗೆ ಬಂದಳು. ಅವಳಿಗೆ ಎಲ್ಲ ಕೇಳಿಸಿತ್ತು. ನೆಲದ ಮೇಲೆ ಕೂತು ಭಾವನ ಬೂಟಿನ ಲೇಸು ಬಿಚ್ಚಿ, ಒಂದೊಂದಾಗಿ ಎರಡೂ ಬೂಟು ಎಳೆದು ತೆಗೆದಳು. ಮೊಣಕಾಲಿಗೆ ಐಸು ಇಟ್ಟು, ಜಾರದಂತೆ ತನ್ನ ದುಪಟ್ಟಾದಿಂದ ಕಟ್ಟಿದಳು. ಆಮೇಲೆ ಒಂದು ಬೂಟನ್ನು ಕೈಗೆತ್ತಿಕೊಂಡು, ತಿರುಗಿಸಿ ತಳವನ್ನು ನೋಡಿದಳು.

"ಇದರ ತಳ ಪೂರ್ತಿ ಸವೆದು ಹೋಗಿದೆ ರೀ," ಎಂದಳು. "ಹೊಸದು ತಗೋಬೇಕು, ಮುಂದಿನ ಸೀಸನ್ ಶುರುವಾಗೋದ್ರೊಳಗೆ."

ಭಾವ ಅವಳ ಮುಖ ನೋಡಿದರು. ಕೈ ಚಾಚಿ ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡು, ಹಾಗೇ ತಲೆ ತಗ್ಗಿಸಿ ಕೂತರು. ಅಕ್ಕ ಅಲುಗಾಡಲಿಲ್ಲ.